ಅಪ್ಪನ ಕೆಮ್ಮು

ಅಪ್ಪ,

"ನನ್ನ ಮಕ್ಕಳು ಗಣಿಗೆ ಇಳಿಯೋದು ಬೇಡ" ಅನ್ನುತ್ತಿದ್ದೆ ನೀನು. ನಿನ್ನ ಸ್ಲೇಟುಕಲ್ಲಿನ ಗಣಿ ಮುಚ್ಚಿ, ಈಗ ಪ್ರವಾಸಿಗರಿಗೆ ತೆರೆದಿದೆ. ಊರಲ್ಲಿ ಬೇರೆ ಕೆಲಸವಿಲ್ಲ. ದಿನವೂ ಜನರನ್ನು ಕರೆದುಕೊಂಡು ಇಳಿಯುತ್ತೇನೆ. ನೆಲದಡಿಯಲ್ಲಿ ನೀವು ಕೆಲಸಗಾರರು ಊಟಕ್ಕೆ ಸೇರುತ್ತಿದ್ದ ಚಹಾ ಗುಡಿಸಲಲ್ಲಿ ದೀಪ ಆರಿಸಿ, ನೀನು ಹಿಂದೆ ಧ್ವನಿಮುದ್ರಿಸಿಕೊಟ್ಟ ಮಾತು ಕೇಳಿಸುತ್ತೇನೆ.

"ಊಟದ ಹೊತ್ತಿಗೆ ಇಲ್ಲೇ ಹಾಡಿನ ಪಂದ್ಯ. ನನ್ನ ಸರದಿ ಬಂದ್ರೆ..." ಅನ್ನುತ್ತೀಯ. ಕೆಮ್ಮು ಬರುತ್ತದೆ. ಸುಧಾರಿಸಿಕೊಂಡು, "ಎಲ್ರೂ ಸುಮ್ಮನಾಗೋರು" ಅನ್ನುತ್ತೀಯ.

ಇವತ್ತು ಮ್ಯಾನೇಜರ್ ಯೆಸ್ಟಿನ್ ಹೇಳಿದ: "ಹೆಲೆದ್, ಆ ಕೆಮ್ಮು ತೆಗೆಸಿಬಿಟ್ಟೆ ಕಣೇ. ಕೇಳೋಕೆ ಕಷ್ಟ."

"ಅದು ಇದೇ ಗಣಿ ಧೂಳಿನ ಕೆಮ್ಮು."

"ಗೊತ್ತು ಮಾರಾಯ್ತಿ. ಇಂಗ್ಲೆಂಡಿಂದ ರಜೆಗೆ ಬಂದೋರಿಗೆ ಅದ್ಯಾಕೆ?"

ಕೆಲಸ ಬೇಕಲ್ಲ, ಜನರನ್ನು ಕರೆದುಕೊಂಡು ಇಳಿದೆ.

ಮಧ್ಯಾಹ್ನ ದೀಪ ಆರಿಸಿದೆ. ಎಲ್ಲೂ ತಡೆಯದೆ ನೀನು ಮಾತು ಮುಗಿಸಿದೆ, ಯಾರೋ ಪರರ ಹಾಗೆ. ದೀಪದ ಸ್ವಿಚ್ಚಿನ ಮೇಲೆ ಕೈಯಿತ್ತು, ಒತ್ತಲಾಗಲಿಲ್ಲ. ಕತ್ತಲಲ್ಲಿ ನಾನೇ ಕೆಮ್ಮಿದೆ, ನಿನ್ನ ಹಾಗೆಯೇ, ಉಸಿರು ಕಟ್ಟುವಷ್ಟು.

"ದೀಪ ಹಾಕಮ್ಮಾ, ನಾವು ಮೇಲೆ ಹೋಗ್ತೀವಿ" ಎಂದು ಯಾರೋ ಕೂಗಿದರು.

ಹಾಕಿದೆ. ಅವರೆಲ್ಲ ಮೇಲೆ ಹೋದರು. ಮುಂದಿನ ಗುಂಪಿಗಾಗಿ ನಾನು ಅಲ್ಲೇ ನಿಂತೆ.