ದ್ರೆನೋವಾದ ಗಂಡು ನೊಣ

ಅಕ್ಟೋಬರ್ 2, ಬೆಳಿಗ್ಗೆ

ತಪ್ಪೊಪ್ಪಿಗೆ. ಬೆಲ್‌ಗ್ರೇಡ್ ಮ್ಯೂಸಿಯಮ್ಮಿನ ನೊಣತಜ್ಞನೂ ಸಭ್ಯನೂ ಆದ ನಾನು, ಇಂದು ಸೂರ್ಯೋದಯಕ್ಕೆ ಮುಂಚೆ ದೊಬ್ರಿಲಾ ಚಿಕ್ಕಮ್ಮನ ಪೀಪಾಯಿಯಿಂದ ಒಂದು ಸೌಟು ಹುಳಿ ಬಂದ ಪ್ಲಮ್ ಕದ್ದೆ. ನೊಣದ ಬಲೆಗೆ ಆಮಿಷವಾಗಿ ಇಟ್ಟೆ. ನೊಣಕ್ಕಿಂತ ಮೊದಲು ನಾನೇ ಸಿಕ್ಕಿಬಿದ್ದೆ.

"ಇಷ್ಟೆಲ್ಲ ಓದಿ ಕೊನೆಗೆ ನೊಣ ಹೊಡೀತಾ ಕೂತ್ಯಲ್ಲೋ ವೂಲೆ!"

"ಹೊಡೆಯೋದಲ್ಲ ಚಿಕ್ಕಮ್ಮ, ಹಿಡಿಯೋದು."

"ಹಿಡಿದು?"

"ನೊಣಗಳ ಅಟ್ಲಾಸಿನಲ್ಲಿ, ಸಿಕ್ಕಿದ ಜಾಗಕ್ಕೆ ಒಂದು ಚುಕ್ಕೆ ಇಡೋದು. ಪಕ್ಕದಲ್ಲಿ ನಮ್ಮೂರ ಹೆಸರು, ದ್ರೆನೋವಾ."

ಚಿಕ್ಕಮ್ಮ ನಗಲಿಲ್ಲ. ಬಸ್ಸಿನ ಬೋರ್ಡಿನಿಂದಲೂ ಅಳಿಸಿಹೋದ ಹೆಸರದು. ಇನ್ನೊಂದು ಸೌಟು ತಾನೇ ಹಾಕಿದಳು.

ಅಕ್ಟೋಬರ್ 3

ಎಳ್ಳಿನಷ್ಟು ನೊಣ, ಲ್ಯಾಟಿನ್ ಹೆಸರು ಮೈಗಿಂತ ಉದ್ದ. ಇದುವರೆಗೆ ಸಿಕ್ಕಿರುವುದು ಡ್ಯಾನ್ಯೂಬ್ ಕಣಿವೆಯ ಒಂದೇ ಕಡೆ. ಆದರೆ ಪ್ಲಮ್ ಸಾರಾಯಿ, ನಮ್ಮ ರಾಕಿಯಾ, ಕಾಯಿಸುವಾಗ ಅಜ್ಜನ ಮೀಸೆಯ ಮೇಲೆ ಕೂರುತ್ತಿದ್ದದ್ದು ಇದೇ — ಆಣೆ ಮಾಡಿ ಹೇಳುತ್ತೇನೆ. ತಾಮ್ರದ ಹಂಡೆ, ಕೆಳಗೆ ಕೆಂಡದಲ್ಲಿ ಆಲೂಗಡ್ಡೆ, ಗೋಣಿಗಳ ಮೇಲೆ ಉದ್ದಕ್ಕೆ ಬಿದ್ದ ಮೊಮ್ಮಕ್ಕಳು. ಮೊದಲ ಬಿಸಿ ಹನಿಯನ್ನು ಅಜ್ಜ ಬೆರಳಲ್ಲಿ ನೆಕ್ಕಿಸುತ್ತಿದ್ದ... ಅಂಗಳದಲ್ಲಿ ಆ ವಾಸನೆ ಇನ್ನೂ ಇದೆ.

ಬಲೆಯಲ್ಲಿ ಬರೀ ಹೆಣ್ಣು. ಹೆಣ್ಣು ನೋಡಿ ಈ ಜಾತಿ ಗುರುತಿಸಲಾಗದು, ಗಂಡೇ ಬೇಕು.

"ಹೆಣ್ಣು ನೋಡೋ ವಯಸ್ಸೆಲ್ಲ ಕಳೆದು ಈಗ ಗಂಡು ಹುಡುಕ್ತಿದ್ದೀಯಾ?" — ಚಿಕ್ಕಮ್ಮ.

ಅಕ್ಟೋಬರ್ 4, ಸಂಜೆ

ಸಿಕ್ಕಿತು! ಗಂಡು! ಭೂತಗನ್ನಡಿಯಲ್ಲಿ ಮತ್ತೆ ಮತ್ತೆ ನೋಡಿದೆ. ನೊಣ ಕೆಡದಂತಿಡುವ ಸ್ಪಿರಿಟ್ ಸೀಸೆ ಬರುವಾಗ ಬಸ್ಸಿನಲ್ಲೇ ಒಡೆದಿತ್ತು. ಚಿಕ್ಕಮ್ಮನ ರಾಕಿಯಾ ಏನು ಕಡಿಮೆ? ಪುಟ್ಟ ಗ್ಲಾಸಿನಲ್ಲಿ ಸುರಿದು ನೊಣವನ್ನು ಮುಳುಗಿಸಿ ಮೇಜಿನ ಮೇಲಿಟ್ಟೆ. ಅಟ್ಲಾಸಿನ ಸಂಪಾದಕ ಟಿಹೋಮಿರ್‌ಗೆ ಫೋನ್.

"ಚುಕ್ಕೆ ಹಾಕು ಮಾರಾಯ."

"ಕಣ್ಣಾರೆ ನೋಡದೆ ಹಾಕಲ್ಲಪ್ಪ. ಶುಕ್ರವಾರ ಪ್ರೆಸ್ಸಿಗೆ ಹೋಗುತ್ತೆ, ಅಷ್ಟರಲ್ಲಿ ತಾ. ಜೋಪಾನ."

"ನನಗೇ ಜೋಪಾನ ಅಂತೀಯಾ? ಇಷ್ಟು ವರ್ಷದಲ್ಲಿ ಒಂದೇ ಒಂದು ನೊಣದ ಕಾಲೂ ಕಳೆದವನಲ್ಲ ನಾನು!"

ಅಕ್ಟೋಬರ್ 8

ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿದೆ. ಬಲೆ ಖಾಲಿ. ಇನ್ನು ಮುಂದಿನ ವರ್ಷವೇ.

"ತೋರಿಸೋ, ನಮ್ಮೂರ ಗಂಡನ್ನ" ಎಂದಳು ಚಿಕ್ಕಮ್ಮ. ಪ್ಯಾಕ್ ಮಾಡಿದ್ದೇನೆ ಎಂದೆ.

ಅಕ್ಟೋಬರ್ 10, ಶುಕ್ರವಾರ

ಟಿಹೋಮಿರ್ ಫೋನ್ ಮಾಡುತ್ತಲೇ ಇದ್ದಾನೆ. ಎತ್ತಿಲ್ಲ. ಇಲ್ಲಾದರೂ ಬರೆದುಬಿಡಲೇ?

ಗಂಡು ಸಿಕ್ಕಿದ ಆ ಸಂಜೆ. ಚಿಕ್ಕಮ್ಮ ಎರಡು ಗ್ಲಾಸು ತುಂಬಿ ಮೇಜಿಗಿಟ್ಟಳು. "ನಿಮ್ಮಜ್ಜನ ಹೆಸರಲ್ಲಿ." ಸತ್ತವರಿಗೆಂದು ಕುಡಿಯುವಾಗ ಗ್ಲಾಸಿಗೆ ಗ್ಲಾಸು ತಾಗಿಸುವಂತಿಲ್ಲ. ಒಂದು ಹನಿ ನೆಲಕ್ಕೆ, ಉಳಿದದ್ದು ಒಂದೇ ಗುಟುಕಿಗೆ. ಕಣ್ಣು ಮಂಜಾಗಿತ್ತು, ಕೈಗೆ ಸಿಕ್ಕಿದ್ದನ್ನು ಎತ್ತಿದೆ. ನಾಲಿಗೆಗೆ ಏನೋ ತಾಗಿತು... ಪ್ಲಮ್ ಸಿಪ್ಪೆ ಎಂದುಕೊಂಡೆ. "ಅಜ್ಜನ ಕಾಲದ ರುಚಿಯೇ ಚಿಕ್ಕಮ್ಮ!" ಎಂದು ಬಾಯಿ ಚಪ್ಪರಿಸಿ ಮೇಜು ನೋಡಿದರೆ, ಅವಳು ನನಗೆಂದು ತುಂಬಿಟ್ಟ ಗ್ಲಾಸು ಇನ್ನೂ ತುಂಬಿಯೇ—