ಅವರಿಗೆ ಬಿಟ್ಟ ಜಾಗ

೧೨ ಫೆಬ್ರವರಿ ೧೯೯೪, ಶನಿವಾರ. ಕಿಕ್ಕೇರಿ

ಸನ್ಮಾನ ಮುಗಿಸಿಕೊಂಡು ಅವ್ವನ ಮನೆಗೆ ಬಂದಿದ್ದೇನೆ. ಶಾಲು, ಹಾರ, ಪೇಪರಿನವರು, ಎಲ್ಲಾ ಆಯಿತು. ನಿದ್ದೆ ಮಾತ್ರ ಇಲ್ಲ.

ಮೂವತ್ತು ವರ್ಷ ವಾಸುದೇವಯ್ಯನವರ ಹಾಡಿಗೆ ಪಿಟೀಲು ನುಡಿಸಿದವಳು ನಾನು. ಅವರು ಒಂದು ಸಾಲು ಹಾಡಿ ನಿಲ್ಲಿಸಿದರೆ ನಾನು ನುಡಿಸಬೇಕು. ನಾನು ನಿಲ್ಲಿಸಿದರೆ ಅವರು ಮುಂದಕ್ಕೆ ಎತ್ತಿಕೊಳ್ಳಬೇಕು. ಅವರು ತೀರಿಕೊಂಡು ಆರು ತಿಂಗಳಾಯಿತು. ಇವತ್ತು ಕೆ.ಆರ್. ಪೇಟೆಯಲ್ಲಿ ನನ್ನೊಬ್ಬಳದೇ ಕಛೇರಿ. ತೋಡಿ ರಾಗ ನುಡಿಸುವಾಗ ಪ್ರತಿ ಸಾಲಿನ ಕೊನೆಗೂ ಕೈ ತಾನಾಗಿ ನಿಂತುಬಿಟ್ಟಿತು. ಅವರಿಗೆ ಜಾಗ ಬಿಟ್ಟುಕೊಂಡು ಕೂತಿದ್ದೆ! ಮೃದಂಗದವನು ಗಾಬರಿಯಿಂದ ನನ್ನ ಮುಖ ನೋಡಿದ. ಆಮೇಲೆ ಭಾಷಣದವನು ನನ್ನನ್ನು ಸರಸ್ವತಿ ಅಂದ. ಸರಸ್ವತಿ ಹೀಗೆ ಯಾರಿಗೋ ಕಾಯುತ್ತಾ ಕೂರುತ್ತಾಳೆಯೇ?

ಕಛೇರಿಗೆ ಬಂದಿದ್ದ ಅವ್ವ ಊಟಕ್ಕೆ ಕೂತಾಗ ಅಂದಳು: "ನಡುನಡುವೆ ನಿಲ್ಲಿಸ್ತಿದ್ದೆಯಲ್ಲ, ಅದೇ ಚೆಂದಾಗಿತ್ತು ಕಣವ್ವ. ಯಾರೋ ಬತ್ತಾವ್ರೆ ಅನ್ನಂಗಿತ್ತು."

ಅವ್ವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ.

ನಾಳೆ ನಾಗಮಂಗಲದಲ್ಲಿ ಕಛೇರಿ. ಅಲ್ಲಾದರೂ ನಿಲ್ಲಿಸದೆ ನುಡಿಸಬೇಕು ಅಂತ, ಅವ್ವ ಮಲಗಿದ ಮೇಲೆ ಕಮಾನು ಮುಟ್ಟದೆ ತಂತಿಯ ಮೇಲೆ ಬರೀ ಬೆರಳಾಡಿಸಿ ನೋಡಿದೆ. ಅದೇ ತೋಡಿ, ಎಲ್ಲೂ ನಿಲ್ಲದೆ ಸಲೀಸಾಗಿ ಬಂದುಬಿಟ್ಟಿತು. ಅವರಿಗೆ ಅಂತ ಒಂದು ಜಾಗವೂ ಉಳಿಯಲಿಲ್ಲ.

ಅದಕ್ಕೇ ನಿದ್ದೆ ಇಲ್ಲ.