ದ್ಯಾಮವ್ವನ ಮುಖಸಾಕ್ಷಿ

ಇಸವಿ 2163, ಫೆಬ್ರವರಿ 30
ಮೆಣಸಿನಕಾಯಿ ಪೇಟೆ

ನೂರ ನಲವತ್ತು ವರ್ಷ ಹಿಂದೆ ಕುಳಿತು ಆ್ಯಪ್ ಕಟ್ಟುತ್ತಿರುವವರಿಗೆ, ದಲಾಲಿ ಅಂಗಡಿಯ ಮುರಿಗೆಪ್ಪನ ನಮಸ್ಕಾರ.

ಮೊದಲು ಖರ್ಚು ಹೇಳಿಬಿಡುತ್ತೇನೆ. ಅರ್ಜಿ ನಲವತ್ತಮೂರು. ಜಿಲ್ಲಾ ಕಚೇರಿಗೆ ಓಡಾಟ ಹನ್ನೊಂದು ಸಲ. ವಕೀಲರಿಗೆ ಎಂಟು ಚೀಲ ಮೆಣಸಿನಕಾಯಿಯ ಬೆಲೆ. ಗುಡಿಯೊಳಗೆ ಫೋಟೋ ಹಿಡಿಯಲು ದೀಪದ ಬಾಡಿಗೆ ಬೇರೆ. ಇಷ್ಟೆಲ್ಲ ಸುರಿದ ಮೇಲೂ ಒಬ್ಬ ಹೆಂಗಸಿನ ದನಿ ಹೋಯಿತು.

ತಾರೀಖು ನೋಡಿ ನಗಬೇಡಿ. ಚಂದಾ ವಸೂಲಿಗೆ ಸಲೀಸಾಗಲೆಂದು ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದಲ್ಲಿ ಮಿಕ್ಕ ಐದು ದಿನ ರಿಪೇರಿಯ ರಜೆ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ಒಗ್ಗಲಿಕ್ಕಿಲ್ಲ, ಕ್ಷಮಿಸಿ. ಅರ್ಥ ಹೇಳುತ್ತಲೇ ಹೋಗುತ್ತೇನೆ. ನೀವು ಫೋನು ಅನ್ನುವುದು ನಮಗೆ ಅಂಗೈಗಾಜು. ಆ್ಯಪ್‌ಗಳನ್ನು ಒಳಗೆ ಬಿಡುವ ಕಂಪನಿಗಳಿಗೆ ಬಾಗಿಲು ಅನ್ನುತ್ತೇವೆ. ಇರುವುದು ಎರಡೇ ಬಾಗಿಲು. ಪೇಟೆಯ ತೂಕದ ಕಟ್ಟೆ, ದವಾಖಾನೆಯ ಚೀಟಿ, ಪಾಯಖಾನೆಯ ಚಿಲಕ, ಎಲ್ಲವೂ ಅವುಗಳ ಮೂಲಕವೇ. ಆ್ಯಪ್ ಗಳಿಸಿದ ಹತ್ತರಲ್ಲಿ ಮೂರು ಪಾಲು ಬಾಗಿಲಿಗೆ. ಎರಡು ವರ್ಷಕ್ಕೊಮ್ಮೆ ಅವರು ಚೌಕಟ್ಟು ಬದಲಿಸುತ್ತಾರೆ. ಹಳೆಯ ಆ್ಯಪ್ ಹಿಡಿಸುವುದಿಲ್ಲ, ಮತ್ತೆ ಬರೆಸಬೇಕು. ಹೋದ ಸಲ ಬದಲಿಸಿದ ದಿನ ಪಾಯಖಾನೆಯ ಒಳಗಿದ್ದ ಹಮಾಲರು ನಾಲ್ಕು ತಾಸು ಒಳಗೇ ಉಳಿದರು. ಹೊರಬಂದ ಕೂಡಲೇ ಗಾಜು ಕೇಳಿದ್ದು: ಅನುಭವ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ. ಇಂಥ ಹೇಸಿಗೆಗೂ ನಾವು ಹೊಂದಿಕೊಂಡಿದ್ದೆವು.

ಸಾವಂತ್ರೆವ್ವ ನಮ್ಮ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಹರಾಜು ಕೂಗಿದವಳು. ಅವಳು “ಮೂರನೇ ಸಲ” ಅಂದರೆ ಬೆಲೆ ಮುಗಿಯಿತು. ಎದುರು ಮಾತಾಡಿದ ವರ್ತಕನನ್ನು ನಾನು ಕಂಡಿಲ್ಲ. ಗಂಟಲಿಗೆ ಗಡ್ಡೆಯಾಗಿ, ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಆಪರೇಷನ್ನಿಗೆ ಮೊದಲು, ಪೇಟೆಯ ಮೂಲೆಯಲ್ಲಿ ಅಂಗೈಗಾಜು ರಿಪೇರಿ ಮಾಡುವ ಮಕ್ತುಂಸಾಬ ಹನ್ನೆರಡು ದಿನ ಅವಳನ್ನು ಕೂಡ್ರಿಸಿಕೊಂಡು ದನಿ ತುಂಬಿಸಿಟ್ಟ. ಅದರ ಮೇಲೆ ಆ್ಯಪ್ ಕಟ್ಟಿದ. ಅವಳು ಅಕ್ಷರ ಒತ್ತಿದರೆ ಗಾಜು ಅವಳ ದನಿಯಲ್ಲೇ ಮಾತಾಡುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಹರಾಜಿನ ಕಟ್ಟೆ ಏರಿದಳು.

ತಪ್ಪು ಆದದ್ದು ಹೆಸರು ಬರೆಸುವಾಗ. ಆ್ಯಪ್‌ಗೆ ಒಬ್ಬ ಮಾಲೀಕ ಬೇಕೆಂದಿತು ಬಾಗಿಲು. ಅದನ್ನು ಕಟ್ಟಿಸಲು ದುಡ್ಡು ಹಾಕಿದ ವರ್ತಕರು ನಾವು ಹನ್ನೆರಡು ಮಂದಿ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ತಕರಾರಿನ ಹೊಲ, ಬಾವಿ, ತಕ್ಕಡಿ ಏನೇ ಇರಲಿ, ಗ್ರಾಮದೇವತೆ ದ್ಯಾಮವ್ವನ ಹೆಸರಿಗೆ ಬರೆದುಬಿಡುವುದು ನಮ್ಮ ಊರಿನ ರೂಢಿ. ಕೋರ್ಟೂ ಒಪ್ಪುತ್ತದೆ.

ಮಕ್ತುಂಸಾಬನೊಬ್ಬನೇ ತಡೆದ. “ಬ್ಯಾಡ್ರಿ ಮುರಿಗೆಪ್ಪಣ್ಣ, ನಾಳೆ ಸಹಿ ಕೇಳಿದ್ರ ಯಾರು ಹಾಕವ್ರು?”

“ತಾಯಿ ಸಾಯಂಗಿಲ್ಲ, ಊರು ಬಿಡಂಗಿಲ್ಲ, ಪಾಲು ಕೇಳಂಗಿಲ್ಲ,” ಅಂದೆ ನಾನು. “ಅಕಿಗಿಂತ ಚಲೋ ಮಾಲಕ ಎಲ್ಲಿ ಸಿಗ್ತಾನಪಾ?” ಎಲ್ಲರೂ ತಲೆದೂಗಿದರು. ಜಾಣತನಕ್ಕೆ ಚಹಾ ಕೂಡ ಕುಡಿಸಿದರು.

ಏಳು ವರ್ಷ ನಡೆಯಿತು. ಆಮೇಲೆ ಬಾಗಿಲು ಮುಖಸಾಕ್ಷಿಯ ನಿಯಮ ತಂದಿತು. ಮಾಲೀಕರು ಮೂವತ್ತು ದಿನದೊಳಗೆ ಗಾಜಿನ ಮುಂದೆ ಬಂದು, ಎರಡು ಸಲ ಕಣ್ಣು ಮಿಟುಕಿಸಿ, ಎಡಕ್ಕೆ ಹೊರಳಿ ತಾವು ಜೀವಂತ ಇದ್ದೇವೆಂದು ತೋರಿಸಬೇಕು, ಇಲ್ಲದಿದ್ದರೆ ಆ್ಯಪ್ ಬಂದ್. ಗುಡಿಗೆ ಹೋಗಿ ಗಾಜು ಹಿಡಿದೆವು. ಪೂಜಾರಿ ಕಲ್ಲಪ್ಪಜ್ಜ ನಮ್ಮನ್ನು ನೋಡಿ, “ಅಕಿ ಕಣ್ಣು ಮಿಟುಕಿಸಿದ್ರ ನಾ ಇನ್ನೂ ಇಲ್ಲೇ ನಿಂತಿರ್ತಿದ್ನೇನ್ರೋ ಹುಚ್ಚಪ್ಪಗಳಿರಾ?” ಅಂದ. ಗಾಜು ಉತ್ತರ ಬರೆಯಿತು: ಮಾಲೀಕರು ಸಹಕರಿಸುತ್ತಿಲ್ಲ.

ಹೆಸರು ಬದಲಿಸಲು ಕೇಳಿದೆವು. ಅದಕ್ಕೂ ಹಳೆಯ ಮಾಲೀಕರ ಮುಖಸಾಕ್ಷಿ ಬೇಕಂತೆ. ನಲವತ್ತಮೂರು ಅರ್ಜಿಗೂ ಯಂತ್ರ ಅದೇ ಒಂದು ಸಾಲು ಕಳಿಸಿತು. ಮನುಷ್ಯರ ಸಹಿ ಒಂದರಲ್ಲೂ ಇಲ್ಲ. ತುಂಬಿಸಿಟ್ಟ ದನಿ ಇದ್ದದ್ದು ಬಾಗಿಲಿನ ಕೋಠಿಯಲ್ಲಿ, ನೀವು ಸರ್ವರ್ ಅನ್ನುತ್ತೀರಿ. ಬಾಡಿಗೆ ಇಲ್ಲವೆಂದು ಆಸೆ ತೋರಿಸಿ ಅಲ್ಲೇ ಇಡಿಸಿಕೊಂಡಿದ್ದರು. ಹರಾಜಿನ ಹಳೆಯ ರೆಕಾರ್ಡುಗಳಿಂದ ಮಕ್ತುಂಸಾಬ ಬೇರೆ ಆ್ಯಪ್ ಕಟ್ಟಿ ಎರಡೂ ಬಾಗಿಲಿಗೆ ಕಳಿಸಿದರೆ ಎರಡರಿಂದಲೂ ವಾಪಸು ಬಂತು: ಈ ದನಿ ಈಗಾಗಲೇ ಶ್ರೀಮತಿ ದ್ಯಾಮವ್ವ ಅವರದು, ನಕಲು ಮಾಡುವುದು ಕಳವು.

ಸಾವಂತ್ರೆವ್ವ ಅದನ್ನು ಓದಿ ಅಕ್ಷರ ಒತ್ತಿದಳು. “ಮುರಿಗೆಪ್ಪ, ನನ್ನ ಗಂಟಲದಾಗಿಂದು ದೇವರಿಗೆ ಬರಕೊಡಾಕ ನಿನಗ ಯಾರು ಹೇಳಿದ್ರು?”

ಮೂವತ್ತನೆಯ ದಿನವೂ ಅವಳು ಕೆಲಸಕ್ಕೆ ಬಂದಳು. ಮಧ್ಯಾಹ್ನ ನಾಲ್ಕಕ್ಕೆ ನಲವತ್ತು ಚೀಲದ ರಾಶಿಗೆ “ಎರಡನೇ ಸಲ” ಅಂದಿತು ಗಾಜು. ಮೂರನೆಯದು ಬರಲಿಲ್ಲ. ಅವಳು ಒತ್ತಿದಳು, ಮತ್ತೆ ಒತ್ತಿದಳು. ಆ ಮಾತನ್ನು ಅವಳ ಬದಲು ಕೂಗುವ ಧೈರ್ಯ ಯಾರಿಗೂ ಬರಲಿಲ್ಲ. ಕಡೆಗೆ ಅವಳೇ ಚೀಲದ ಮೇಲೆ ಮೂರು ಸಲ ಅಂಗೈ ಬಡಿದು, ಕಟ್ಟೆ ಇಳಿದು ಹೋದಳು.

ನೀವು ಇನ್ನೂ ಶುರುವಿನಲ್ಲಿದ್ದೀರಿ, ಅದಕ್ಕೇ ಬರೆದೆ. ಯಾರದಾದರೂ ವಸ್ತುವನ್ನು ಆ್ಯಪ್ ಒಳಗೆ ಇಡಿಸಿಕೊಳ್ಳುವ ಮೊದಲು, ಅವರು ಅದನ್ನು ಎತ್ತಿಕೊಂಡು ಹೊರಗೆ ಹೋಗುವ ದಾರಿ ಮಾಡಿ. ಯಾರ ಸಹಿಯೂ ಬೇಡದ ದಾರಿ. ಅದು ಆಗದಿದ್ದರೆ ಇಡಿಸಿಕೊಳ್ಳಬೇಡಿ.

ಇನ್ನು ಯಾರಿಗೆ ಏನು ದಕ್ಕಿತು ಅಂದರೆ:

ಬಾಗಿಲಿಗೆ, ಏಳು ವರ್ಷದ ಪಾಲು ಮತ್ತು ಬೀಗದೊಳಗಿನ ದನಿ.
ಮಕ್ತುಂಸಾಬನಿಗೆ, ಐದು ವರ್ಷ ಹೊಸ ಆ್ಯಪ್ ಕಳಿಸಬಾರದೆಂಬ ತಡೆ.
ದ್ಯಾಮವ್ವನಿಗೆ, ವಂಚಕರ ಪಟ್ಟಿಯಲ್ಲಿ ಒಂದು ಸ್ಥಾನ.
ವರ್ತಕರಿಗೆ, ನನ್ನನ್ನೂ ಸೇರಿಸಿ, ಹರಾಜು ಕೂಗಲು ಬಾಗಿಲಿನದೇ ಯಂತ್ರ, ಅದಕ್ಕೆ ತಿಂಗಳ ಚಂದಾ.
ಸಾವಂತ್ರೆವ್ವನಿಗೆ, ಪೇಟೆಯ ಗೇಟಿನಲ್ಲಿ ಚೀಲ ಎಣಿಸುವ ಕೆಲಸ. ಅದಕ್ಕೆ ಮಾತು ಬೇಕಾಗುವುದಿಲ್ಲ.